38 ಸೆಂಟ್ ಮಳೆ: ಹೂವಿನ ಹೊತ್ತಿನಲ್ಲಿ ಒಂದು ಕಾಫಿ ತೋಟದ ವಾರ

ಮಾರ್ಚ್ ಕೊನೆಯ ಹೊತ್ತಿಗೆ ಸಕಲೇಶಪುರ, ಮೂಡಿಗೆರೆ ಕಡೆಯ ಯಾವ ಸಣ್ಣ ಪೇಟೆಯ ಹೋಟೆಲಿನಲ್ಲಿ ಕೂತರೂ ಕಿವಿಗೆ ಬೀಳುವ ಪ್ರಶ್ನೆ ಒಂದೇ: "ನಿಮ್ ಕಡೆ ಎಷ್ಟಾಯ್ತು?" ಉತ್ತರ ಸೆಂಟ್ ಲೆಕ್ಕದಲ್ಲಿ ಬರುತ್ತದೆ. ಒಂದು ಇಂಚು ಮಳೆಗೆ ನೂರು ಸೆಂಟ್, ಅಂದರೆ 25.4 ಮಿಲಿಮೀಟರ್. ಹತ್ತು ಸೆಂಟ್ ಆದವರು ಸಪ್ಪೆ ಮುಖ ಹಾಕಿಕೊಂಡಿರುತ್ತಾರೆ, ನೂರು ದಾಟಿದವರು ಎಲ್ಲರ ಕಾಫಿ ದುಡ್ಡೂ ತಾವೇ ಕೊಡುತ್ತಾರೆ. ನಡುವೆ ಸಿಕ್ಕಿಕೊಂಡವರ ಪಾಡು ಬೇರೆಯೇ. ಈ ಬರಹ ಹಾಗೆ ಸಿಕ್ಕಿಕೊಂಡ ಒಂದು ರೊಬಸ್ಟಾ ಕಾಫಿ ತೋಟದ್ದು.

ಹೆಸರು, ಊರು, ವರ್ಷ ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಗುರುತು ಹತ್ತಬಾರದೆಂದು ಮನೆಯ, ತೋಟದ ವಿವರಗಳನ್ನು ಅಲ್ಪಸ್ವಲ್ಪ ಬದಲಿಸಿದ್ದೇನೆ. ತೋಟ ನಡೆಸುವವರನ್ನು ಅಕ್ಕ ಎಂದೇ ಕರೆಯುತ್ತೇನೆ. ಗಂಡನ ಕೆಲಸ ಬೇರೆ ಊರಿನಲ್ಲಿ. ತೋಟದ ಮನೆಯಲ್ಲಿ ಇವರು ಮತ್ತು ಇವರ ಅತ್ತೆ. ಮೈದುನನದು ಪೇಟೆಯಲ್ಲಿ ಅಂಗಡಿ. ಅಲ್ಲಿಂದ ತೋಟಕ್ಕೆ ಐದು ಕಿಲೋಮೀಟರ್ ದಾರಿ, ಮಧ್ಯೆ ಒಂದು ಗುಡ್ಡ.

ತೋಟ, ಕೆರೆ, ಲೆಕ್ಕ

ಆರು ಎಕರೆ ರೊಬಸ್ಟಾ. ಮೂರು ಎಕರೆ ಕೆರೆಯ ಪಕ್ಕದ ಕೆಳತಾಕು, ಇನ್ನು ಮೂರು ಗುಡ್ಡದ ಮೈಮೇಲಿನ ಮೇಲ್ತಾಕು. ಸಿಲ್ವರ್ ಓಕಿನ ಮೇಲೆ ಮೆಣಸಿನ ಬಳ್ಳಿ. ಫೆಬ್ರವರಿಯಲ್ಲಿ ಕಾಫಿ ಕೊಯ್ಲು ಮುಗಿದು, ಗಿಡಗಸಿಯೂ (ರೆಂಬೆ ಸವರುವ ಕೆಲಸ) ಆಗಿ, ಮೆಣಸು ಕಣಕ್ಕೆ ಬಿದ್ದಿತ್ತು.

ಹೊರಗಿನವರಿಗಾಗಿ ಎರಡು ಮಾತು. ಕಾಫಿ ಮೊಗ್ಗು ಬೇಸಿಗೆಯ ಒಣ ಹವೆಯಲ್ಲಿ ಬೆಳವಣಿಗೆ ನಿಲ್ಲಿಸಿ ಕಾಯುತ್ತಾ ಕೂರುತ್ತದೆ. ಒಂದು ಇಂಚಿನ ಆಸುಪಾಸು ನೀರು ಬಿದ್ದರೆ ಎದ್ದು, ರೊಬಸ್ಟಾದಲ್ಲಿ ಏಳೆಂಟು ದಿನಕ್ಕೆ ಅರಳುತ್ತದೆ. ಇದೇ ಹೂಮಳೆ. ಅರಳಿದ ಮೇಲೆ ಹದಿನೈದು ಇಪ್ಪತ್ತು ದಿನದೊಳಗೆ ಇನ್ನೊಂದು ಇಂಚು ಬೇಕು, ಇಲ್ಲದಿದ್ದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ. ಅದನ್ನು ಎಲ್ಲರೂ ಬ್ಯಾಕಿಂಗ್ ಮಳೆ ಅನ್ನುತ್ತಾರೆ. ಆಕಾಶ ಕೈಕೊಟ್ಟರೆ ಸ್ಪ್ರಿಂಕ್ಲರ್. ರೊಬಸ್ಟಾಗೆ ಇನ್ನೊಂದು ಕಷ್ಟವಿದೆ. ಇನ್ನೊಂದು ಬಗೆಯ ಕಾಫಿಯಾದ ಅರೇಬಿಕಾದ ಹಾಗೆ ತನ್ನ ಪರಾಗದಿಂದಲೇ ತಾನು ಕಾಯಿ ಕಟ್ಟುವುದಿಲ್ಲ. ಗಾಳಿ, ತುಡುವೆ, ಹೆಜ್ಜೇನು ಬೇರೆ ಗಿಡದ ಪರಾಗ ತಂದು ಮುಟ್ಟಿಸಬೇಕು. ಹಾಗಾಗಿ ಅರಳಿದ ದಿನವೇ ಮಳೆ ಸುರಿದರೆ ವರ್ಷವಿಡೀ ಮಾಡಿದ ಕೆಲಸಕ್ಕೆ ಪೆಟ್ಟು.

ಈಗ ನೀರಿನ ಲೆಕ್ಕ. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಸುಮಾರು 1 ಲಕ್ಷ 3 ಸಾವಿರ ಲೀಟರ್. ಅಕ್ಕನ ಕೆರೆಯಲ್ಲಿ ಆ ವಾರ ಇದ್ದದ್ದು ಹತ್ತು ಲಕ್ಷ ಲೀಟರಿನಷ್ಟು. ಆರು ಎಕರೆಗೂ ಹೂವಿಗೆಂದು ಒಂದೂಕಾಲು ಇಂಚು ಕೊಟ್ಟರೆ 7.7 ಲಕ್ಷ ಖಾಲಿ. ಬ್ಯಾಕಿಂಗಿಗೆ ಬೇಕಾದದ್ದು 6.2 ಲಕ್ಷ. ಕೆರೆ ಎರಡಕ್ಕೂ ಸಾಲದು. ಒಂದಕ್ಕಾದರೂ ಮೋಡವನ್ನು ನಂಬಲೇಬೇಕು. ಯಾವುದಕ್ಕೆ ನಂಬುವುದು ಎಂಬುದೇ ಸಮಸ್ಯೆ.

ಸೋಮವಾರದಿಂದ ಬುಧವಾರ

ಸೋಮವಾರ ಬೆಳಿಗ್ಗೆ ದಟ್ಟ ಮಂಜು, ಹತ್ತು ಗಂಟೆಗೆ ಕಣ್ಣು ಬಿಡಲಾಗದ ಬಿಸಿಲು. ಗಿಡದ ಎಲೆ ಜೋತುಬಿದ್ದಿತ್ತು, ಮೊಗ್ಗು ತಯಾರಾಗಿತ್ತು. ಪಕ್ಕದ ತೋಟದವರು ಅವತ್ತೇ ಜೆಟ್ (ಸ್ಪ್ರಿಂಕ್ಲರ್) ಹಾಕಿಬಿಟ್ಟರು. ತೋಟ ಪೂರ್ತಿ, ಒಂದೂಕಾಲು ಇಂಚು. "ಮಳೆ ಬಂದ್ರೆ ಬರ್ಲಿ, ಹೂವಂತೂ ಆಗ್ಲಿ" ಎಂಬ ಮಾತು. ಅವರ ಕೆರೆಯೂ ಅಕ್ಕನ ಕೆರೆಯಷ್ಟೇ.

ಅಕ್ಕ ಒಂದು ದಿನ ತಡೆದರು. ಹವಾಮಾನ ಇಲಾಖೆಯ ಕೃಷಿ ಸಲಹೆ ಮಂಗಳವಾರ ಮತ್ತು ಶುಕ್ರವಾರ ಬರುತ್ತದೆ, ಅದನ್ನು ನೋಡಿ ನಿರ್ಧರಿಸೋಣ ಎಂದು. ಮಂಗಳವಾರ ಬಂದದ್ದು ಹೀಗೆ: ಮುಂದಿನ ಮೂರು ದಿನ ಜಿಲ್ಲೆಯ ಒಂದೆರಡು ಕಡೆ ಗುಡುಗುಸಹಿತ ಹಗುರದಿಂದ ಸಾಧಾರಣ ಮಳೆ. ಫೋನಿನ ಆ್ಯಪ್ ಬುಧವಾರಕ್ಕೆ ಶೇ 60 ತೋರಿಸುತ್ತಿತ್ತು. ಮೈದುನ ಫೋನ್ ಮಾಡಿ, "ಅತ್ತಿಗೆ, ನಾಳೆ ಗ್ಯಾರಂಟಿ. ಡೀಸೆಲ್ ಸುಮ್ನೆ ಸುಡ್ಬೇಡಿ" ಅಂದ.

ನಮ್ಮಲ್ಲಿ ಬಹಳ ಜನ ಎಡವುವುದು ಇಲ್ಲಿಯೇ. ಇಲಾಖೆಯ ಭಾಷೆಯಲ್ಲಿ 'ಒಂದೆರಡು ಕಡೆ' ಅಂದರೆ ಆ ಪ್ರದೇಶದ ಮಳೆ ಕೇಂದ್ರಗಳಲ್ಲಿ ಕಾಲು ಭಾಗಕ್ಕೆ ಮೀರದಷ್ಟು ಕಡೆ. 'ಕೆಲವು ಕಡೆ' ಅಂದರೆ ಅರ್ಧದವರೆಗೆ. 'ಹಗುರ' ಎಂಬುದು 2.5ರಿಂದ 15.5 ಮಿಲಿಮೀಟರ್, ಅಂದರೆ ಹೆಚ್ಚೆಂದರೆ 61 ಸೆಂಟ್. ಮಂಗಳವಾರದ ಸಲಹೆಯನ್ನು ತೋಟದ ಭಾಷೆಗೆ ತಂದರೆ, ನಿಮ್ಮ ತಲೆ ಮೇಲೆ ಬೀಳದಿರುವ ಸಾಧ್ಯತೆಯೇ ಹೆಚ್ಚು, ಬಿದ್ದರೂ ಹೂವಿಗೆ ಸಾಲದಿರಬಹುದು ಎಂದಾಯಿತು. ಇದು ಮುನ್ಸೂಚನೆಯ ತಪ್ಪಲ್ಲ. ಈ ಕಾಲದ ಗುಡುಗು ಮೋಡ ಕೆಲವೇ ಕಿಲೋಮೀಟರ್ ಅಗಲದ್ದು. ಹಗಲಿನ ಕಾವಿಗೆ ಎದ್ದು, ಮುಕ್ಕಾಲು ಗಂಟೆಯಲ್ಲಿ ಇದ್ದದ್ದನ್ನೆಲ್ಲ ಸುರಿದು ಮುಗಿಯುತ್ತದೆ. ಗುಡ್ಡದ ಈಚೆಗೋ ಆಚೆಗೋ ಎಂದು ಹಿಂದಿನ ದಿನವೇ ಯಾರೂ ಹೇಳಲಾರರು.

ಅಕ್ಕ ಮಂಗಳವಾರವೂ ಜೆಟ್ ಹಾಕಲಿಲ್ಲ. ಪೈಪುಗಳನ್ನು ಮಾತ್ರ ಕೆಳತಾಕಿನಲ್ಲಿ ಜೋಡಿಸಿಡಲು ಮೇಸ್ತ್ರಿಗೆ ಹೇಳಿದರು. ಇದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಅತ್ತೆಯ ಚಿಂತೆಯೇ ಬೇರೆ. ಕಣದ ತುಂಬ ಮೆಣಸು. ಕುದಿನೀರಿನಲ್ಲಿ ಒಂದು ನಿಮಿಷ ಅದ್ದಿ ಹರಡಿದ್ದು, ಎರಡು ಬಿಸಿಲು ಕಂಡಿತ್ತು, ಇನ್ನೂ ಒಂದೆರಡು ಬೇಕಿತ್ತು. ಕಾಫಿಗೆ ಬೇಕಾದ ಮಳೆ ಕಣಕ್ಕೆ ಬೇಡ. ಇದು ಮಲೆನಾಡಿನ ಪ್ರತಿ ಮನೆಯ ಮಾರ್ಚ್ ತಿಂಗಳ ಜಗಳ. ಬುಧವಾರ ಬೆಳಿಗ್ಗೆ ಮಂಜು ಇರಲಿಲ್ಲ. ಹನ್ನೆರಡಕ್ಕೆ ಗಾಳಿ ಪೂರ್ತಿ ನಿಂತು ಸೆಕೆ ಏರಿತು. ಅತ್ತೆ ಯಾರನ್ನೂ ಕೇಳದೆ ಆಳುಗಳನ್ನು ಕರೆದು ಮೆಣಸನ್ನು ರಾಶಿ ಮಾಡಿಸಿ ಟಾರ್ಪಾಲ್ ಹೊದಿಸಿದರು. ಮೇಲೆ ಸುಡು ಬಿಸಿಲು. "ಮೂರು ಗಂಟೆ ಬಿಸಿಲು ಹಾಳು ಮಾಡಿದ್ರಲ್ಲ ಅತ್ತೆ" ಎಂದು ಅಕ್ಕ ಗೊಣಗಿದರಂತೆ. ಮೂರೂವರೆಗೆ ಪೂರ್ವದ ಕಡೆಯಿಂದ ಮೋಡ ಕಟ್ಟಿಕೊಂಡು ಬಂತು.

ಬುಧವಾರ ರಾತ್ರಿ

ಪೇಟೆಯಲ್ಲಿ ಅವತ್ತು ಸಂತೆ. ಅಂಗಡಿಗಳ ಪ್ಲಾಸ್ಟಿಕ್ ಹಾರಿ, ರಸ್ತೆಯಲ್ಲಿ ನೀರು ಹೊಳೆಯಾಗಿ, ಟೊಮೆಟೊ ಚರಂಡಿಗೆ ಸೇರಿದವು. ಐದು ಗಂಟೆಗೆ ಮೈದುನನ ಫೋನು: "ಒಂದು ಇಂಚು ಮೇಲೇ ಆಗಿದೆ ಅತ್ತಿಗೆ, ಇನ್ನು ಹೂವಿನ ಯೋಚ್ನೆ ಬಿಡಿ."

ತೋಟದಲ್ಲೂ ಅಬ್ಬರ ಕಡಿಮೆ ಇರಲಿಲ್ಲ. ಗಾಳಿಗೆ ಮರ ಬಿದ್ದು ಕರೆಂಟ್ ಹೋಯಿತು. ಹೆಂಚಿನ ಮೇಲೆ ಬಿದ್ದ ಸದ್ದಿಗೆ ಮನೆಯವರೆಲ್ಲ ಒಂದು ಇಂಚು ಗ್ಯಾರಂಟಿ ಅಂದುಕೊಂಡಿದ್ದರು. ಮಳೆಮಾಪಕದಲ್ಲಿ ಇದ್ದದ್ದು 38 ಸೆಂಟ್.

ಇದು ತೀರ ಕೆಟ್ಟ ಅಂಕಿ. ಐದು ಸೆಂಟ್ ಆಗಿದ್ದರೆ ಮೊಗ್ಗಿಗೆ ಗೊತ್ತೇ ಆಗುತ್ತಿರಲಿಲ್ಲ, ನೂರಾಗಿದ್ದರೆ ಹಬ್ಬ. ನಡುವಿನ ಮಳೆ ಮೊಗ್ಗನ್ನು ಎಬ್ಬಿಸಿ ಅರ್ಧದಲ್ಲಿ ಕೈಬಿಡುತ್ತದೆ. ಅಂಥ ಮೊಗ್ಗು ಗುಲಾಬಿ ಬಣ್ಣಕ್ಕೆ ತಿರುಗಿ, ಸೆಟೆದು, ಅರೆಬರೆ ಅರಳಿ ಒಣಗುತ್ತದೆ. ಮತ್ತೆ ಮಳೆ ಬಂದರೂ ಅದು ಮರಳಿ ಏಳುವುದಿಲ್ಲ.

ಅಕ್ಕ ಮಾಪಕದ ಅಂಕಿಯನ್ನೂ ನಂಬಲಿಲ್ಲ. ಮಾಪಕ ಇದ್ದದ್ದು ಕಣದ ಪಕ್ಕ, ಸಿಲ್ವರ್ ಓಕಿನ ಹತ್ತಿರ. ಟಾರ್ಚು, ಕೈಗುದ್ದಲಿ ಹಿಡಿದು ಮೇಸ್ತ್ರಿಯೊಂದಿಗೆ ಹೊರಟರು. ಕೆಳತಾಕಿನಲ್ಲಿ ತರಗೆಲೆ ಸರಿಸಿ ಅಗೆದರೆ ಎರಡು ಬೆರಳಿನಾಳ ಕಪ್ಪು ಒದ್ದೆ ಮಣ್ಣು, ಕೆಳಗೆ ಬೂದಿ ಬಣ್ಣದ ಒಣ ಪುಡಿ. ಮೇಲ್ತಾಕಿನ ಬುಡದಲ್ಲಿ ಒಂದು ಬೆರಳು. ತುದಿಯ ಎಕರೆಗಳಲ್ಲಿ ತರಗೆಲೆ ಮಾತ್ರ ನೆನೆದಿತ್ತು, ಅಡಿಯ ಮಣ್ಣಿಗೆ ಹನಿ ತಾಗಿರಲಿಲ್ಲ. ಒಂದೇ ತೋಟದಲ್ಲಿ ಮೂರು ಬಗೆಯ ಮಳೆ. ಇಡೀ ವಾರದ ಅತಿ ಮುಖ್ಯ ಅರ್ಧ ಗಂಟೆ ಯಾವುದು ಎಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಆ ರಾತ್ರಿ ಎದುರಿಗಿದ್ದದ್ದು ಮೂರು ದಾರಿ. ಗುರುವಾರ ಇನ್ನೊಂದು ಮಳೆ ಬಂದೀತೆಂದು ಕಾಯುವುದು ಮೈದುನನ ಸಲಹೆ. ಕರೆಂಟ್ ಬಂದ ಮೇಲೆ ಇಡೀ ತೋಟಕ್ಕೆ ಒಟ್ಟಿಗೆ ಕೊಡುವುದು ಮೇಸ್ತ್ರಿಯದು, ಅವನಿಗೆ ಪೈಪ್ ಎರಡು ಸಲ ಹೊರುವ ಕೆಲಸ ತಪ್ಪುತ್ತಿತ್ತು. ಅಕ್ಕ ಆರಿಸಿಕೊಂಡದ್ದು ತಾಕು ತಾಕಿಗೂ ಬೇರೆ ನಿರ್ಧಾರ. ಕೆಳತಾಕಿನ ಮೊಗ್ಗು ಖಂಡಿತ ಎದ್ದಿರುತ್ತದೆ, ಅಲ್ಲಿಗೆ ಡೀಸೆಲ್ ಎಂಜಿನ್ನಿನಲ್ಲಿ ನೀರು ಏರುತ್ತದೆ, ಪೈಪ್ ಆಗಲೇ ಜೋಡಿಸಿದೆ. ಹಾಗಾಗಿ ನಸುಕಿಗೇ ಶುರು. ಮೇಲ್ತಾಕಿಗೆ ಎಂಜಿನ್ನಿನ ಶಕ್ತಿ ಸಾಲದು, ಮೋಟರೇ ಬೇಕು. ಅದು ಕರೆಂಟ್ ಬಂದ ಮೇಲೆ.

ಗುರುವಾರ ನಸುಕಿನಿಂದ ಕೆಳತಾಕಿಗೆ 75 ಸೆಂಟಿನಷ್ಟು ನೀರು ಕೊಟ್ಟರು. ಎಷ್ಟು ಬಿತ್ತೆಂದು ತಿಳಿಯಲು ಜೆಟ್‌ಗಳ ನಡುವೆ ನೇರ ಗೋಡೆಯ ಹಾಲಿನ ಪುಡಿ ಡಬ್ಬಗಳನ್ನಿಟ್ಟು ಸ್ಕೇಲಿನಿಂದ ಅಳೆದರು. 19 ಮಿಲಿಮೀಟರ್ ಆದ ಕೂಡಲೇ ಪೈಪ್ ಮುಂದಕ್ಕೆ. ಸಂಜೆ ಗುಡುಗು ಶುರುವಾದಾಗ ಕೆಲಸ ನಿಲ್ಲಿಸಿದರು. ಅಲ್ಯೂಮಿನಿಯಂ ಪೈಪ್ ಹೆಗಲ ಮೇಲಿಟ್ಟುಕೊಂಡು ಸಿಡಿಲಿನಡಿ ಓಡಾಡುವುದು ಆತ್ಮಹತ್ಯೆಗೆ ಸಮ. ಸಿಡಿಲಿನ ಎಚ್ಚರಿಕೆ ಕೊಡುವ, ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ ದಾಮಿನಿ ಆ್ಯಪ್ ಅಕ್ಕನ ಫೋನಿನಲ್ಲಿತ್ತು, ಅದು ಕೆಂಪು ತೋರಿಸಿದ್ದೇ ಎಲ್ಲರೂ ಮನೆಯೊಳಗೆ. ಅಷ್ಟು ಗುಡುಗಿದ್ದಕ್ಕೆ ಬಿದ್ದದ್ದು ನಾಲ್ಕು ಸೆಂಟ್. ಕಾಯುತ್ತಾ ಕೂತಿದ್ದರೆ ಕೆಳತಾಕು ಅಲ್ಲಿಗೆ ಮುಗಿದಿತ್ತು. ಉಳಿದ ಕೆಲಸ ಶುಕ್ರವಾರ ಬೆಳಿಗ್ಗೆ ಮುಗಿಯಿತು.

ಮೆಣಸಿನದು ಸಣ್ಣ ಕಥೆ. ಬುಧವಾರದ ಮಳೆಯಿಂದ ಉಳಿಯಿತು. ಆದರೆ ಮೋಡದ ಗುರುವಾರವಿಡೀ ಟಾರ್ಪಾಲಿನಡಿ ರಾಶಿಯಲ್ಲಿದ್ದು ಕಾವೇರಿತು. ಕರೆಂಟಿಲ್ಲ, ಫ್ಯಾನಿಲ್ಲ. ಜಗಲಿ, ನಡುಮನೆ ತುಂಬ ತೆಳ್ಳಗೆ ಹರಡಿ ಅತ್ತೆ ರಾತ್ರಿ ಎದ್ದೆದ್ದು ಕೈಯಾಡಿಸಿದರು. ಎರಡು ಚೀಲಕ್ಕೆ ಮುಗ್ಗಲು ವಾಸನೆ ಹಿಡಿದು ಕಡಿಮೆ ಬೆಲೆಗೆ ಹೋಯಿತು.

ಕರೆಂಟ್ ಬಂದ ಮೇಲೆ

ಶುಕ್ರವಾರ ರಾತ್ರಿ ಮೋಟರ್ ಓಡಲು ಬೇಕಾದ ತ್ರೀ ಫೇಸ್ ಕರೆಂಟ್ ಬಂತು. ಮಳೆ ಬಿದ್ದು ಎರಡು ದಿನ ದಾಟಿತ್ತು. ಶನಿವಾರ ಬೆಳಗಿನ ಹೊತ್ತಿಗೆ ಮೇಲ್ತಾಕಿನ ಕೆಳಗಿನ ಒಂದೂವರೆ ಎಕರೆ ಮುಗಿಯಿತು, ಅಷ್ಟರಲ್ಲಿ ಮತ್ತೆ ಸಿಂಗಲ್ ಫೇಸ್. ತುದಿಯ ಒಂದೂವರೆ ಎಕರೆ ಉಳಿಯಿತು. ಭಾನುವಾರ ಅದನ್ನೂ ಮುಗಿಸುವುದೋ, ಬಿಡುವುದೋ?

ಮೇಸ್ತ್ರಿ ಮುಗಿಸೋಣ ಅಂದ. ಅಕ್ಕ ಶನಿವಾರ ಮಧ್ಯಾಹ್ನ ಮೇಲೆ ಹತ್ತಿ ಗಿಡದ ರೆಕ್ಕೆಗಳನ್ನು (ಅಡ್ಡ ರೆಂಬೆಗಳನ್ನು) ಬಗ್ಗಿಸಿ ನೋಡಿದರು. ಕೆಳತಾಕಿನ ಮೊಗ್ಗು ಅಷ್ಟರಲ್ಲಿ ಉದ್ದಕ್ಕೆ ಎಳೆದು ಬೆಳ್ಳಗಾಗತೊಡಗಿತ್ತು. ತುದಿಯದು ಬುಧವಾರಕ್ಕೆ ಮುಂಚೆ ಇದ್ದ ಹಾಗೇ ಇತ್ತು, ಹಸಿರು, ಗಿಡ್ಡ, ಬಿಗಿ. ಏಳದ ಮೊಗ್ಗಿಗೆ ಅಪಾಯವಿಲ್ಲ, ಅದು ಇನ್ನೂ ಎರಡು ವಾರ ಕಾಯಬಲ್ಲದು. ಆ ನೀರು ಬ್ಯಾಕಿಂಗಿಗೆ ಉಳಿಯಲಿ ಎಂದು ಬಿಟ್ಟರು. ಅಲ್ಲಿಯವರೆಗೆ ಖರ್ಚಾದದ್ದು ಮೂರೂವರೆ ಲಕ್ಷ ಲೀಟರ್. ಕೆರೆಯಲ್ಲಿ ಉಳಿದದ್ದು ಆರೂವರೆ ಲಕ್ಷ, ಇಡೀ ತೋಟದ ಬ್ಯಾಕಿಂಗಿಗೆ ಸರಿಯಾಗಿ ಸಾಲುವಷ್ಟು.

ಪೇಟೆಯ ಇನ್ನೊಂದು ಬದಿಯ ಬೆಳೆಗಾರರೊಬ್ಬರು ಇದೇ ಹೊತ್ತಿನಲ್ಲಿ ನೆಮ್ಮದಿಯಾಗಿದ್ದರು. ಅವರ ಲೆಕ್ಕಕ್ಕೆ ಸಿಕ್ಕಿದ್ದು ಪೇಟೆಯ ಮಳೆ. ಅವರ ತೋಟದಲ್ಲಿ ಮಾಪಕವೇ ಇರಲಿಲ್ಲ.

ಹೂ ಅರಳಿದ ದಿನ

ಮುಂದಿನ ಗುರುವಾರ ಬೆಳಿಗ್ಗೆ ಕೆಳತಾಕು ಪೂರ್ತಿ ಬಿಳಿಯಾಯಿತು. ಹೆಜ್ಜೇನು ಎಂಟು ಗಂಟೆಗೇ ಇಳಿದಿತ್ತು. ಸಂಜೆ ನಾಲ್ಕಕ್ಕೆ ಮಳೆ, 85 ಸೆಂಟ್! ವಾರದ ಹಿಂದೆ ಬಂದಿದ್ದರೆ ಕಾಲಿಗೆ ಬೀಳುವಂಥ ಮಳೆ, ಅವತ್ತು ಶಾಪ ಹಾಕಿಸಿಕೊಂಡಿತು. ಅರ್ಧ ದಿನದ ಪರಾಗಸ್ಪರ್ಶ ಮಾತ್ರ ಸಿಕ್ಕಿದಂತಾಯಿತು. ಮೇಲ್ತಾಕಿನ ಕೆಳಭಾಗ ಶುಕ್ರವಾರ, ಶನಿವಾರ ಒಣ ಬೆಳಗಿನಲ್ಲಿ ಅರಳಿತು. ಆದರೆ ನೀರು ತಡವಾದ್ದರಿಂದ ಬಿಸಿಲು ಬದಿಯ ಸಾಲುಗಳಲ್ಲಿ ಗುಲಾಬಿ ಮೊಗ್ಗು ಕಾಣಿಸಿಕೊಂಡಿತ್ತು. ತುದಿಯ ಒಂದೂವರೆ ಎಕರೆಯನ್ನು ಎಬ್ಬಿಸಿದ್ದು ಇದೇ 85 ಸೆಂಟ್. ಅಲ್ಲಿ ಇನ್ನೊಂದು ವಾರದ ಮೇಲೆ ಒಳ್ಳೆ ಬಿಸಿಲಿನಲ್ಲಿ ಹೂವಾಯಿತು, ಒಂದು ಲೀಟರ್ ಡೀಸೆಲ್ ಖರ್ಚಿಲ್ಲದೆ.

ಅಕ್ಕ ಪ್ರತಿ ತಾಕಿನಲ್ಲೂ ಕೆಲವು ರೆಕ್ಕೆಗಳಿಗೆ ಕೆಂಪು ದಾರ ಕಟ್ಟಿ ಹೂವು ಎಣಿಸಿ ಬರೆದಿಟ್ಟಿದ್ದರು. ಮುಂಗಾರು ಹಿಡಿದ ಮೇಲೆ ಕಾಯಿ ಎಣಿಸಿದಾಗ ಎಲ್ಲಕ್ಕಿಂತ ಚೆನ್ನಾಗಿ ಕಚ್ಚಿದ್ದು ತುದಿಯದು. ಕೆಳತಾಕು ಸಾಧಾರಣ. ಮೇಲ್ತಾಕಿನ ಕೆಳಭಾಗದ ಬಿಸಿಲು ಬದಿ ವಿರಳ.

ಪಕ್ಕದವರು? ಸೋಮವಾರ ಕಣ್ಣು ಮುಚ್ಚಿ ನೀರು ಕೊಟ್ಟವರಿಗೆ ಮುಂದಿನ ಸೋಮವಾರ, ಮಂಗಳವಾರ ನಿರ್ಮಲ ಆಕಾಶದಡಿ ಹೂವಾಯಿತು. ಅವರ ಕೆರೆಯಲ್ಲಿ ಬ್ಯಾಕಿಂಗಿಗೆ ನೀರಿರಲಿಲ್ಲ, ಆದರೆ ಏಪ್ರಿಲ್ ಎರಡನೇ ವಾರ ರೇವತಿ ಮಳೆ ಚೆನ್ನಾಗಿ ಬಿತ್ತು. ಆ ವರ್ಷ ಆ ಹೋಬಳಿಯಲ್ಲಿ ಅತಿ ಒಳ್ಳೆಯ ಫಸಲು ತೆಗೆದವರಲ್ಲಿ ಅವರೂ ಒಬ್ಬರು. ಪೇಟೆಯ ಮಳೆ ನಂಬಿದವರ ತೋಟ ಪೂರ್ತಿ ಗುಲಾಬಿಯಾಯಿತು.

ಇದರಿಂದ ತಿಳಿಯುವುದು

ಈ ಪ್ರಕರಣವನ್ನು ಬೆಳೆಗಾರರ ಮುಂದೆ ಇಟ್ಟಾಗೆಲ್ಲ ಮೊದಲು ಬರುವ ಮಾತು: "ಹಾಗಾದ್ರೆ ಸೋಮವಾರವೇ ಕೊಡೋದು ಸರಿ ತಾನೆ?" ನಾನು ಒಪ್ಪುವುದಿಲ್ಲ. ಪಕ್ಕದವರಿಗೆ ಒಳ್ಳೆಯದಾಯಿತು, ಸಂತೋಷ. ಆದರೆ ಅವರ ನಿರ್ಧಾರ ನಿಂತದ್ದು ಏಪ್ರಿಲ್ ಮಳೆಯ ಮೇಲೆ. ಅದು ಹತ್ತು ದಿನ ತಡವಾಗಿದ್ದರೆ ಅಷ್ಟೂ ಕಾಯಿ ಉದುರುತ್ತಿತ್ತು, ಕೈಯಲ್ಲಿ ಬೇರೆ ಉಪಾಯವೇ ಇರುತ್ತಿರಲಿಲ್ಲ. ಕೆರೆ ಎರಡು ಪಟ್ಟು ದೊಡ್ಡದಿದ್ದವರಿಗೆ ಸೋಮವಾರದ ದಾರಿಯೇ ಸರಿ. ಒಂದೇ ಸುತ್ತಿನ ನೀರಿರುವವರಿಗಲ್ಲ. ಬಂದ ಫಸಲನ್ನು ನೋಡಿ ನಿರ್ಧಾರವನ್ನು ಅಳೆಯಲು ಹೊರಟರೆ ಮುಂದಿನ ವರ್ಷ ಅದೇ ಜೂಜನ್ನು ಶಾಸ್ತ್ರವೆಂದು ಆಡುತ್ತೇವೆ.

ಅಕ್ಕ ಮಂಗಳವಾರ ಕಾಯ್ದದ್ದನ್ನು ಪ್ರಶ್ನಿಸಬಹುದು. 'ಒಂದೆರಡು ಕಡೆ' ಎಂದಿದ್ದಾಗ ಅರ್ಧ ತೋಟಕ್ಕಾದರೂ ನೀರು ಕೊಟ್ಟು, ಇನ್ನರ್ಧವನ್ನು ಮಳೆಗೆ ಬಿಡಬಹುದಿತ್ತು. ತಾಕು ಒಡೆಯುವ ಉಪಾಯ ಅವರಿಗೆ ಹೊಳೆದದ್ದು ಬುಧವಾರ ರಾತ್ರಿ, ಅದೂ ಕರೆಂಟಿಲ್ಲದ ಒತ್ತಾಯಕ್ಕೆ. ಆದರೆ ಒಡೆದದ್ದರಿಂದಲೇ ಗುರುವಾರದ ಮಳೆ ಇಡೀ ತೋಟದ ಹೂವನ್ನು ಒಟ್ಟಿಗೆ ಹೊಡೆಯಲಿಲ್ಲ. ಇದಕ್ಕೆ ಬೆಲೆಯೂ ಇದೆ, ಅದನ್ನು ಮುಚ್ಚಿಡಬಾರದು. ಮೂರು ಸಲ ಅರಳಿದ ತೋಟ ಮೂರು ಸಲ ಹಣ್ಣಾಯಿತು. ಕೊಯ್ಲಿನ ಆಳು ಸಿಗುವುದೇ ಕಷ್ಟವಾಗಿರುವಾಗ ಸುತ್ತು ಹೆಚ್ಚಾಗಿ ಕೂಲಿ ಏರಿತು. ಒಟ್ಟು ಫಸಲು ಹಿಂದಿನ ವರ್ಷದಷ್ಟೇ ಬಂದರೂ ಕೈಗೆ ಉಳಿದದ್ದು ಸ್ವಲ್ಪ ಕಡಿಮೆ.

ಮಳೆಮಾಪಕದ ವಿಷಯದಲ್ಲಿ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆ ಅಳೆಯುತ್ತದೆ, ದೊಡ್ಡ ಸವಲತ್ತೇ ಸರಿ. ಆದರೂ ಗುಡ್ಡದ ಎರಡು ಮಗ್ಗುಲಿಗೆ ಒಂದೇ ಅಂಕಿ ಹೊಂದುವುದಿಲ್ಲ. ಮಾಪಕ ಮರದಿಂದ ದೂರವಿರಬೇಕು, ಮರ ಎಷ್ಟು ಎತ್ತರವೋ ಅದರ ಎರಡರಷ್ಟು. ಓದುವ ಹೊತ್ತು ಬೆಳಿಗ್ಗೆ ಎಂಟೂವರೆ ಎಂದಿಟ್ಟುಕೊಂಡರೆ ಇಲಾಖೆಯ ಅಂಕಿಯೊಂದಿಗೆ ತಾಳೆ ನೋಡಬಹುದು. ಮತ್ತು ಮಾಪಕ ಏನೇ ಹೇಳಲಿ, ಕೈಗುದ್ದಲಿ ಹಾಕಿ ನೋಡಿಯೇ ನೀರಿನ ತೀರ್ಮಾನ ಮಾಡಬೇಕು.

ಅಕ್ಕ ಈಗ ಮೇಲ್ತಾಕಿನಲ್ಲೊಂದು ಮಾಪಕ ನೆಟ್ಟಿದ್ದಾರೆ. ಕಣದ ಪಕ್ಕದ್ದನ್ನು ಬಯಲಿಗೆ ಸರಿಸಿದ್ದಾರೆ. ಸ್ಟೋರಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದದ್ದು ಹೀಗಿದೆ: ಹತ್ತರೊಳಗೆ ಬಿಡು, ಹತ್ತರಿಂದ ಎಪ್ಪತ್ತು ಆದರೆ ಅವತ್ತು ರಾತ್ರಿಯೇ ಅಗೆದು ನೋಡು, ಮರುದಿನವೇ ನೀರು, ಎಪ್ಪತ್ತು ದಾಟಿದರೆ ಮೊಗ್ಗು ನೋಡಿ ಮಾತಾಡು. ಈ ಗಡಿಗಳು ಅವರ ಮಣ್ಣಿಗೆ, ಅವರ ನೆರಳಿಗೆ ಹೊಂದಿದವು. ಕಾಫಿ ಮಂಡಳಿಯ ವಿಸ್ತರಣಾ ಕಚೇರಿಯವರನ್ನೋ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರನ್ನೋ ಕೇಳಿ ನಿಮ್ಮದನ್ನು ನೀವೇ ಗೊತ್ತುಮಾಡಿಕೊಳ್ಳಬೇಕು.

ಮೇಲ್ತಾಕಿಗೆ ನೀರೇರಿಸುವ ದೊಡ್ಡ ಡೀಸೆಲ್ ಪಂಪ್ ಇನ್ನೂ ಬಂದಿಲ್ಲ. ಮೈದುನ ಬಾಡಿಗೆಗೆ ತರೋಣ ಅನ್ನುತ್ತಾನೆ, ಅಕ್ಕನಿಗೆ ಹೂವಿನ ವಾರ ಬಾಡಿಗೆ ಪಂಪ್ ಎಲ್ಲರಿಗೂ ಒಟ್ಟಿಗೆ ಬೇಕಾಗುತ್ತದೆ ಎಂಬ ಅನುಮಾನ. ಅತ್ತೆ ಕೇಳುತ್ತಿರುವುದು ಮೆಣಸಿಗೊಂದು ಪಾಲಿಹೌಸ್ (ಪ್ಲಾಸ್ಟಿಕ್ ಹೊದಿಕೆಯ) ಕಣ. ಇರುವ ದುಡ್ಡು ಎರಡರಲ್ಲಿ ಒಂದಕ್ಕೆ ಸಾಕಾಗುತ್ತದೆ.